ತಂಗಿಯ ನೋಟ್‌ಬುಕ್ಕು ಮತ್ತು ದೋಣಿಯವನು ಹೇಳಿದ ಮಾತು

ಯುಗಾದಿಗೆ ಊರಿಗೆ ಹೋಗಿದ್ದೆ.

ಮೆಜೆಸ್ಟಿಕ್ಕಿನಲ್ಲಿ ರಾತ್ರಿ ಹೊರನಾಡಿನ ಬಸ್ಸು ಹತ್ತಿ, ಹಾಸನದ ತನಕ ನಿದ್ದೆ ಬಾರದೆ ಒದ್ದಾಡಿ, ಇನ್ನೇನು ಕಣ್ಣು ಹತ್ತಿತು ಅನ್ನೋ ಹೊತ್ತಿಗೆ ಮೂಡಿಗೆರೆ ಬಂದಿತ್ತು. ಕಿಟಕಿ ಗಾಜಿನ ಸಂದಿಯಿಂದ ತಣ್ಣನೆ ಗಾಳಿಯ ಜೊತೆ ಆ ಪರಿಮಳವೂ ಒಳಗೆ ಬಂತು. ಕಾಫಿ ಹೂವಿನದು. ಮಲ್ಲಿಗೆಗೆ ಹತ್ತಿರ, ಆದರೆ ಮಲ್ಲಿಗೆ ಅಲ್ಲ. ನಮ್ಮ ಕಡೆಯವರಿಗೆ ಇದನ್ನ ವಿವರಿಸಬೇಕಾಗಿಲ್ಲ, ಬೇರೆಯವರಿಗೆ ಎಷ್ಟು ವಿವರಿಸಿದರೂ ಗೊತ್ತಾಗೋದಿಲ್ಲ. ಹತ್ತು ದಿನದ ಹಿಂದೆ ಅಪ್ಪಯ್ಯ ಫೋನ್ ಮಾಡಿ, ನಾನು ಹೇಗಿದ್ದೀನಿ ಅಂತ ಕೇಳೋದಕ್ಕೂ ಮುಂಚೆ, "ಹೂಮಳೆ ಬಂತು ಮಾರಾಯ, ಒಂದಿಂಚು ಇಪ್ಪತ್ತು ಸೆಂಟ್ಸ್" ಅಂದಿದ್ದ. ಕಾಫಿ ತೋಟದವರ ಮನೆಯಲ್ಲಿ ಮಕ್ಕಳ ಮಾರ್ಕ್ಸು ಮರೆತುಹೋಗಬಹುದು, ಮಳೆಯ ಸೆಂಟ್ಸು ಮರೆಯೋದಿಲ್ಲ!

ಆದರೆ ಈ ಸಲ ಊರಿಗೆ ಹೋಗೋದಕ್ಕೆ ಹಬ್ಬಕ್ಕಿಂತ ದೊಡ್ಡ ಕಾರಣ ಇತ್ತು. ತಂಗಿ. ಅವಳು ಎಂಬಿಬಿಎಸ್ ಕೊನೇ ವರ್ಷದಲ್ಲಿದ್ದಾಳೆ. ಹಬ್ಬಕ್ಕೆ ಎರಡು ದಿನ ಇದೆ ಅನ್ನುವಾಗ ಅವಳಿಂದ ಒಂದು ಮೆಸೇಜು ಬಂತು. "ಅಣ್ಣಯ್ಯ, ನಾನು ಬರೆಯೋದು ನಿಲ್ಲಿಸ್ತಾ ಇದೀನಿ. ನೋಟ್‌ಬುಕ್ಕೆಲ್ಲ ಮನೆಗೆ ತರ್ತೀನಿ. ನೀನೂ ಬಾ."

ಅಷ್ಟೇ. ಒಂದು ಸ್ಮೈಲಿ ಕೂಡಾ ಇರಲಿಲ್ಲ.

ಕೊಟ್ಟಿಗೆಹಾರ ದಾಟಿ ಕಳಸದ ರಸ್ತೆ ಹಿಡಿದ ಮೇಲೆ ನನಗೆ ನಿದ್ದೆ ಪೂರ್ತಿ ಹೋಯಿತು. ಅವಳಿಗೆ ಏನೇನು ಹೇಳಬೇಕು ಅಂತ ಮನಸ್ಸಲ್ಲೇ ಒಂದು ಭಾಷಣ ತಯಾರು ಮಾಡಿಕೊಳ್ತಾ ಕೂತೆ.

*

ಅವಳ ನೋಟ್‌ಬುಕ್ಕಿನ ಬಗ್ಗೆ ನಿಮಗೆ ಹೇಳಬೇಕು.

ಎರಡನೇ ವರ್ಷದಲ್ಲಿ ಮೊದಲ ಸಲ ವಾರ್ಡಿಗೆ ಬಿಟ್ಟಾಗ ಶುರುವಾಗಿದ್ದು ಅದು. ಮೆಡಿಕಲ್ ಓದೋರಿಗೆ ರೋಗಿಯ ಹತ್ತಿರ ಮಾತಾಡೋದನ್ನೇ ಒಂದು ಪಾಠ ಅಂತ ಕಲಿಸ್ತಾರೆ. ಹಿಸ್ಟರಿ ತಗೊಳ್ಳೋದು ಅಂತಾರೆ ಅದಕ್ಕೆ. ರೋಗಿಯ ಹೆಸರು, ವಯಸ್ಸು, ಕೆಲಸ ಎಲ್ಲ ಬರೆದುಕೊಂಡ ಮೇಲೆ ಚೀಫ್ ಕಂಪ್ಲೇಂಟ್ ಅಂತ ಬರುತ್ತಂತೆ. ಯಾವ ತೊಂದರೆಗೆ ಅಂತ ಆಸ್ಪತ್ರೆಗೆ ಬಂದಿರಿ, ಎಷ್ಟು ದಿನದಿಂದ ಇದೆ, ಅನ್ನೋದು. ಅದನ್ನ ರೋಗಿಯ ಮಾತಲ್ಲೇ ಬರೀಬೇಕು, ಡಾಕ್ಟರ ಮಾತಲ್ಲಿ ಅಲ್ಲ. ರೋಗಿ "ಉಬ್ಬಸ" ಅಂದರೆ ಉಬ್ಬಸ. ನೀವಾಗಿಯೇ ಅದಕ್ಕೊಂದು ಇಂಗ್ಲಿಷ್ ರೋಗದ ಹೆಸರು ಕೊಟ್ಟು ಬರೆಯೋ ಹಾಗಿಲ್ಲ, ಅದೆಲ್ಲ ಆಮೇಲಿನ ಕೆಲಸ.

ತಂಗಿಗೆ ಇದು ಹುಚ್ಚು ಹಿಡಿಸಿಬಿಟ್ಟಿತು. ಜನ ತಮ್ಮ ನೋವನ್ನ ಹೇಗೆಲ್ಲ ಹೇಳ್ತಾರೆ ಅಂತ ಬರೆದಿಡೋಕೆ ಶುರು ಮಾಡಿದಳು. "ತಲೆ ಧಿಮ್ಮಂತದೆ", "ಕಾಲಲ್ಲಿ ಇರುವೆ ಹರಿದ ಹಾಗೆ", "ಹೊಟ್ಟೆ ತೊಳೆಸ್ತದೆ", "ಜೀವ ಹಾರಿದ ಹಾಗೆ ಆಗ್ತದೆ". ಮೊದಮೊದಲು ಬರೀ ಮಾತುಗಳು. ಆಮೇಲೆ ಆ ಮಾತು ಹೇಳಿದವರು, ಅವರ ಕೈಚೀಲ, ಅವರ ಜೊತೆ ಬಂದ ಮಗನೋ ಸೊಸೆಯೋ, ಅವರ ಜಗಳ. ಹೆಸರು, ಊರು, ಹಾಸಿಗೆ ನಂಬರ್ ಯಾವುದೂ ಇರೋದಿಲ್ಲ, ಆ ವಿಷಯದಲ್ಲಿ ಬಹಳ ಬಿಗಿ ಅವಳು. ಹಾಗೆ ಬರೆದೂ ಬರೆದೂ ಐದು ನೋಟ್‌ಬುಕ್ ಆಗಿತ್ತು. ಇನ್ನೂರು ಪುಟದ, ಗಟ್ಟಿ ರಟ್ಟಿನವು.

ತಮಾಷೆ ಏನಂದ್ರೆ 2019ರಿಂದ ಬಂದ ಹೊಸ ಎಂಬಿಬಿಎಸ್ ಸಿಲಬಸ್ಸಿನಲ್ಲಿ ಹುಡುಗರು ತಮ್ಮ ಅನುಭವ ಬರೆಯೋದೂ ಒಂದು ಭಾಗವಂತೆ. ರೋಗಿಯ ಜೊತೆ ಹೇಗೆ ನಡಕೊಳ್ಳಬೇಕು, ಸಾವಿನ ಸುದ್ದಿ ಹೇಗೆ ಹೇಳಬೇಕು ಅಂತೆಲ್ಲ ಕಲಿಸಿ, ಅದರ ಬಗ್ಗೆ ರಿಫ್ಲೆಕ್ಷನ್ ಅಂತ ಲಾಗ್‌ಬುಕ್ಕಿನಲ್ಲಿ ಬರೆಸ್ತಾರೆ. "ಹಂಗಾದ್ರೆ ನಿಂಗೆ ಅದ್ರಲ್ಲಿ ನೂರಕ್ಕೆ ನೂರು ಬಿಡು" ಅಂದಿದ್ದೆ ಒಂದ್ಸಲ. "ಅದ್ರಲ್ಲಿ ಎಲ್ರೂ ಒಂದೇ ಥರ ಬರೀತಾರೆ ಅಣ್ಣಯ್ಯ, ನಾನೂ ಹಂಗೇ ಬರೀತೀನಿ. ಅದು ಸಹಿ ಹಾಕ್ಸೋಕೆ" ಅಂದಿದ್ದಳು.

ಈ ನೋಟ್‌ಬುಕ್ಕುಗಳನ್ನ ಓದಿದ್ದು ಮೂರೇ ಜನ. ಅವಳ ರೂಮ್‌ಮೇಟು, ಅಮ್ಮ, ನಾನು. ಅಣ್ಣ ಅನ್ನೋ ಪಕ್ಷಪಾತ ಬಿಟ್ಟು ಹೇಳ್ತೀನಿ, ನಾನು ಕಾಲೇಜಿನಲ್ಲಿ ಕಥೆ ಅಂತ ಏನೇನು ಬರೀತಿದ್ದೆನೋ ಅದಕ್ಕಿಂತ ಎಷ್ಟೋ ಚೆನ್ನಾಗಿದೆ. ಅಂಥವಳು ನಿಲ್ಲಿಸ್ತೀನಿ ಅಂದರೆ ಸುಮ್ಮನಿರೋಕಾಗತ್ತಾ?

*

ಹಬ್ಬದ ದಿನ ಬೇವು ಬೆಲ್ಲ, ಹೋಳಿಗೆ, ಅಮ್ಮನ ಹೊಸ ಮಿಡಿ ಉಪ್ಪಿನಕಾಯಿ ಎಲ್ಲ ಮುಗಿದು, ರಾತ್ರಿ ಜಗಲಿಯಲ್ಲಿ ಕೂತಾಗ ನನ್ನ ಭಾಷಣ ಶುರು ಮಾಡಿದೆ.

ಮೊದಲು ಚೆಕಾಫ್. 1879ರಲ್ಲಿ ಮಾಸ್ಕೋದಲ್ಲಿ ಮೆಡಿಕಲ್ ಸೇರಿದ, 1884ರಲ್ಲಿ ಮುಗಿಸಿದ. ಅಷ್ಟೂ ವರ್ಷ ಪತ್ರಿಕೆಗಳಿಗೆ ನಗೆಬರಹ ಬರೆದು ಅದರ ದುಡ್ಡಲ್ಲಿ ಮನೆ ನಡೆಸಿದ. ಡಾಕ್ಟರಾಗಿದ್ದು, ಮೊದಲ ಕಥಾಸಂಕಲನ ಬಂದಿದ್ದು ಎರಡೂ ಒಂದೇ ವರ್ಷ.

ರಷ್ಯಾ ದೂರ ಆಯ್ತಾ? ಹಾಗಾದ್ರೆ ರಾಶಿ. ಡಾ. ಎಂ. ಶಿವರಾಂ. ಬೆಂಗಳೂರಲ್ಲಿ ವೈದ್ಯಕೀಯ ಮಾಡ್ತಾನೇ 1942ರಲ್ಲಿ ಕೊರವಂಜಿ ಶುರು ಮಾಡಿ 1967ರ ತನಕ ನಡೆಸಿದರು. ಆರ್.ಕೆ. ಲಕ್ಷ್ಮಣ್ ಚಿತ್ರ ಬರೆದ ಪತ್ರಿಕೆ ಅದು. ಕಡೆಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂದಿದ್ದು ಮನಸ್ಸಿನ ಬಗ್ಗೆ ಬರೆದ ಮನಮಂಥನಕ್ಕೆ.

ಅದೂ ದೂರ ಆಯ್ತಾ? ನಮ್ಮ ಪಕ್ಕದ ತೀರ್ಥಹಳ್ಳಿಯವರು ಅನುಪಮಾ ನಿರಂಜನ. ಡಾಕ್ಟರು. ಕಾದಂಬರಿ ಬರೆದರು, ಹೆಣ್ಣುಮಕ್ಕಳಿಗೆ ಯಾರೂ ಬಾಯಿಬಿಟ್ಟು ಹೇಳದ ಆರೋಗ್ಯದ ವಿಷಯ ಬರೆದರು. ಅಮ್ಮ ನಮ್ಮಿಬ್ಬರನ್ನ ಹೆತ್ತಾಗ ದಿಂಬಿನ ಪಕ್ಕ ಇಟ್ಟುಕೊಂಡಿದ್ದ ತಾಯಿ ಮಗು ಪುಸ್ತಕ ಈಗಲೂ ಅಟ್ಟದ ಮೇಲಿದೆ. ನಾವು ಓದಲು ಕಲಿತಿದ್ದು ಅವರ ದಿನಕ್ಕೊಂದು ಕಥೆಯಿಂದ. "ನೋಡು, ವರ್ಷದ ಪ್ರತಿ ದಿನಕ್ಕೂ ಒಂದೊಂದು ಕಥೆ ಅಂತ ಕೊಟ್ಟವರು ಡಾಕ್ಟರೇ ಕಣೇ! ನಿಂಗೆ ವಾರಕ್ಕೆ ಒಂದು ಪುಟ ಬರೆಯೋಕೆ ಆಗಲ್ವಾ?"

ಇಷ್ಟು ಹೇಳಿ, ಗೆದ್ದೆ ಅನ್ನೋ ಹಾಗೆ ಅವಳ ಮುಖ ನೋಡಿದೆ. (ಇದನ್ನೆಲ್ಲ ಬಸ್ಸಲ್ಲಿ ಮೊಬೈಲಿನಲ್ಲಿ ಹುಡುಕಿ ಇಸವಿ ಸಮೇತ ಬಾಯಿಪಾಠ ಮಾಡಿಕೊಂಡಿದ್ದೆ ಅನ್ನೋದು ನಮ್ಮನಮ್ಮಲ್ಲೇ ಇರಲಿ :-) )

ಅವಳು ಹಪ್ಪಳ ಮುರೀತಾ ಹೇಳಿದಳು. "ಸರಿ. ಪರೀಕ್ಷೆಗೆ ಒಂದ್ ತಿಂಗ್ಳು ಇದ್ದಾಗ ಇವ್ರೆಲ್ಲ ಏನ್ ಮಾಡ್ತಿದ್ರು ಅಂತ ಗೊತ್ತಾ?"

ನನಗೆ ಗೊತ್ತಿರಲಿಲ್ಲ.

ಅಪ್ಪಯ್ಯ ಅಡಿಕೆ ಕತ್ತರಿಸ್ತಾ ಕೂತಿದ್ದವ ನಡುವೆ ಬಾಯಿ ಹಾಕಿದ. "ಅವ್ಳು ಹೇಳೋದು ಸರಿ ಕಣೋ. ಮೂರು ತಿಂಗ್ಳು ಬಿಸಿಲು ತಿಂದ್ರೇನೇ ಕಾಫಿ ಮೊಗ್ಗು ಗಟ್ಟಿಯಾಗೋದು. ಜನವರಿಯಲ್ಲಿ ಅಡ್ನಾಡಿ ಮಳೆ ಬಂದ್ರೆ ಏನಾಗ್ತದೆ? ಅಲ್ಲಲ್ಲಿ ನಾಲ್ಕು ಹೂ ಬಿಟ್ಟು ಎಲ್ಲ ಹಾಳು. ಸುಮ್ನೆ ಒಣಗ್ಬೇಕು, ಆಮೇಲೆ..."

"ಅಪ್ಪಯ್ಯಾ, ನನ್ ಪರೀಕ್ಷೆಗೂ ಕಾಫಿ ಗಿಡಕ್ಕೂ ಗಂಟು ಹಾಕ್ಬೇಡ ಮಾರಾಯ" ಅಂದಳು ತಂಗಿ. ಅಪ್ಪಯ್ಯ ನಕ್ಕು ಎಲೆಗೆ ಸುಣ್ಣ ಹಚ್ಚಿಕೊಂಡ.

*

ಅವಳ ಪರೀಕ್ಷೆ ಎಂಥದ್ದು ಅಂತ ನನಗೂ ಸರಿಯಾಗಿ ಗೊತ್ತಾಗಿದ್ದು ಅವತ್ತೇ. ನಾವು ಇಂಜಿನಿಯರಿಂಗಿನವರು ಹಿಂದಿನ ರಾತ್ರಿ ಝೆರಾಕ್ಸ್ ಅಂಗಡಿಯಿಂದ ಹಳೇ ಪ್ರಶ್ನೆಪತ್ರಿಕೆ ತಂದು, ಐದು ಮಾಡ್ಯೂಲಿನಲ್ಲಿ ಮೂರು ಓದಿ ಪಾಸಾದವರು. ಇವಳದ್ದು ಮೆಡಿಸಿನ್, ಸರ್ಜರಿ, ಹೆರಿಗೆ ಮತ್ತು ಸ್ತ್ರೀರೋಗ ತಲಾ 2 ಪೇಪರು, ಮಕ್ಕಳ ವಿಭಾಗ 1, ಒಟ್ಟು 7. ಮೂರು ಮೂರು ಗಂಟೆ. ಹಾಸಿಗೆ ಪಕ್ಕದಲ್ಲಿ ಇಟ್ಟಿಗೆ ಜೋಡಿಸಿದ ಹಾಗೆ ಪುಸ್ತಕ. ಸರ್ಜರಿಗೆ ಬೇಯ್ಲಿ ಅಂಡ್ ಲವ್, ಮೆಡಿಸಿನ್‌ಗೆ ಡೇವಿಡ್‌ಸನ್, ಮಕ್ಕಳದ್ದಕ್ಕೆ ಘೈ. ಬೇಯ್ಲಿ ಅಂಡ್ ಲವ್ ಮೊದಲು ಬಂದಿದ್ದು 1932ರಲ್ಲಂತೆ, ಅಲ್ಲಿಂದ ದಪ್ಪ ಆಗ್ತಾನೇ ಬಂದಿರಬೇಕು.

ಆದರೆ ಹೆದರಿಕೆ ಪೇಪರಿನದ್ದಲ್ಲ. ಪ್ರಾಕ್ಟಿಕಲ್‌ದು. ಅಲ್ಲಿ ಲಾಂಗ್ ಕೇಸ್ ಅಂತ ಒಂದು. ನಿಜವಾದ ರೋಗಿಯೊಬ್ಬರ ಮುಂದೆ ಕೂರಿಸ್ತಾರೆ. ಗೊತ್ತುಪಡಿಸಿದ ಹೊತ್ತಿನೊಳಗೆ ಮಾತಾಡಿ, ಮುಟ್ಟಿ ನೋಡಿ, ಬಡಿದು ನೋಡಿ, ಸ್ಟೆತಾಸ್ಕೋಪ್ ಇಟ್ಟು ಕೇಳಿ, ಇವರಿಗೆ ಇಂಥದ್ದೇ ಆಗಿದೆ ಅಂತ ಪರೀಕ್ಷಕರ ಮುಂದೆ ನಿಂತು ಹೇಳಬೇಕು. ಯಾಕೆ ಹಾಗಂದೆ, ಯಾಕೆ ಬೇರೆಯದ್ದಲ್ಲ ಅಂತ ಅವರು ಕೇಳ್ತಾ ಹೋಗ್ತಾರೆ. ಹಿಸ್ಟರಿ ಸರಿಯಾಗಿ ತಗೊಳ್ಳದಿದ್ರೆ ಅಲ್ಲಿಗೆ ಮುಗೀತು.

"ಹಿಸ್ಟರಿ ತಗೊಳ್ಳೋದ್ರಲ್ಲಿ ನೀನು ಎಕ್ಸ್‌ಪರ್ಟ್ ಅಲ್ವೇನೇ, ಐದು ನೋಟ್‌ಬುಕ್ ತುಂಬ್ಸಿದೀಯ" ಅಂದೆ.

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಪ್ಪಯ್ಯ ಒಳಗೆ ಹೋಗಿ ಮಲಗಿದ ಮೇಲೆ ಹೇಳಿದಳು.

ಜನವರಿಯಲ್ಲಿ ಕಾಲೇಜಿನಲ್ಲೇ ಒಂದು ತಯಾರಿ ಪರೀಕ್ಷೆ ಇತ್ತಂತೆ. ಅವಳಿಗೆ ಸಿಕ್ಕಿದ್ದು ಅರವತ್ತು ದಾಟಿದ ಒಬ್ಬ ಅಜ್ಜಿ. ನಮ್ಮ ಕಡೆಯವರೇ, ಜೀವಮಾನವೆಲ್ಲ ತೋಟದ ಕೆಲಸ ಮಾಡಿದವರು. ಏನಾಗ್ತದೆ ಅಜ್ಜಿ ಅಂತ ಕೇಳಿದ್ದಕ್ಕೆ ಅವರು ಎದೆ ಮೇಲೆ ಕೈಯಿಟ್ಟು, "ಇದ್ರೊಳಗೆ ಯಾರೋ ಕಾಫಿ ಬೀಜ ಹುರಿದ ಹಾಗೆ ಆಗ್ತದೆ ಮಗಾ" ಅಂದರು.

"ಎಂಥಾ ಮಾತಲ್ವಾ ಅಣ್ಣಯ್ಯ. ನಂಗೆ ಅಷ್ಟೇ ಸಾಕಾಯ್ತು. ಅದನ್ನ ಬರ್ಕೊಂಡೆ. ಯಾವ ಬಾಣಲೆ, ಒಲೆ ಎಲ್ಲಿತ್ತು, ಯಾರ ಮನೇಲಿ ಹುರೀತಿದ್ರಿ ಅಂತೆಲ್ಲ ಕೇಳ್ತಾ ಹೋದೆ. ಅವ್ರೂ ಖುಷಿಯಾಗಿ ಹೇಳ್ತಾ ಹೋದ್ರು. ಟೈಮ್ ಮುಗೀತು."

ಆಮೇಲೆ ಮೇಷ್ಟ್ರು ಬಂದು ಕೇಳಿದ್ದು ಇಷ್ಟೇ. ಈ ಉರಿ ಊಟ ಆದ ಮೇಲೆ ಬರುತ್ತಾ, ಗುಡ್ಡ ಹತ್ತುವಾಗ ಬರುತ್ತಾ? ನಿಂತರೆ ಹೋಗುತ್ತಾ? ಎಡಗೈಗೋ ದವಡೆಗೋ ಹರಿಯುತ್ತಾ? ಬೆವರು ಬರುತ್ತಾ?

ಒಂದನ್ನೂ ಅವಳು ಕೇಳಿರಲಿಲ್ಲ. ಊಟದ ಮೇಲೆ ಬರೋ ಉರಿಯಾದರೆ ಹೊಟ್ಟೆಯ ಆಮ್ಲ ಮೇಲೆ ಬಂದಿದ್ದಿರಬಹುದು. ಗುಡ್ಡ ಹತ್ತುವಾಗ ಬಂದು ನಿಂತರೆ ಹೋಗೋದಾದರೆ ಅದು ಹೃದಯದ ರಕ್ತನಾಳದ ವಿಷಯ. ಎರಡಕ್ಕೂ ಕಾಫಿ ಬೀಜ ಹುರಿದ ಹಾಗೇ ಆಗಬಹುದು. ಒಬ್ಬರನ್ನ ಮನೆಗೆ ಕಳಿಸಬಹುದು, ಇನ್ನೊಬ್ಬರನ್ನ ಕಳಿಸಿದರೆ ಅವರು ದಾರಿಯಲ್ಲೇ ಹೋಗಿಬಿಡಬಹುದು.

ಮೇಷ್ಟ್ರು ಬೈಯಲಿಲ್ಲವಂತೆ. "ಹೋಗಿ ಕೇಳ್ಕೊಂಡು ಬಾ" ಅಂದರಂತೆ. ಇವಳು ಓಡಿಹೋಗಿ ನೋಡಿದರೆ ಹಾಸಿಗೆ ಖಾಲಿ.

"ನಂಗೆ ಅಲ್ಲೇ ಕಾಲು ನಡುಗೋಕೆ ಶುರುವಾಯ್ತು. ಏನೂ ಆಗಿರ್ಲಿಲ್ಲ, ಇಸಿಜಿಗೆ ಕರ್ಕೊಂಡು ಹೋಗಿದ್ರು ಅಷ್ಟೇ. ಆದ್ರೆ ಹತ್ತು ನಿಮಿಷ ನಾನು ಆ ಖಾಲಿ ಹಾಸಿಗೆ ನೋಡ್ತಾ ನಿಂತಿದ್ದೆ. ನನ್ ಕೈಲಿ ನೋಟ್‌ಬುಕ್ ಇತ್ತು, ಅದ್ರಲ್ಲಿ ಬಾಣಲೆ ಬಗ್ಗೆ ಎರಡು ಪುಟ ಇತ್ತು."

ಹೂವಿನ ಪರಿಮಳ ತೋಟದ ಕಡೆಯಿಂದ ಬರ್ತಾನೇ ಇತ್ತು. ನನ್ನ ಹತ್ತಿರ ಹೇಳೋಕೆ ಏನೂ ಇರಲಿಲ್ಲ. ಚೆಕಾಫನೂ ಇಲ್ಲ, ರಾಶಿಯೂ ಇಲ್ಲ.

"ಟೈಮ್ ಇಲ್ಲ ಅಂತ ನಿಲ್ಲಿಸ್ತಿರೋದಲ್ಲ. ಕೇಳೋದು ಹೇಗೆ ಅಂತ ಕಲೀಬೇಕು ಮೊದ್ಲು. ಇಷ್ಟು ದಿನ ನಾನು ಮಾತು ಕೇಳ್ತಿದ್ದೆ, ರೋಗಿನ ಕೇಳ್ತಿರ್ಲಿಲ್ಲ. ಪಾಸಾಗೋ ತನಕ ಬೇಡ" ಅಂದಳು.

*

ಈಗ ನನ್ನ ವಿಷಯ.

ನಾನೂ ಒಂದು ಕಾಲದಲ್ಲಿ ಬರೀತಿದ್ದೆ. ಮೂಡಿಗೆರೆ, ಕಳಸದ ಕಡೆ ಹುಟ್ಟಿ ಕರ್ವಾಲೋ ಓದಿದ ಹುಡುಗರಿಗೆಲ್ಲ ಒಂದಲ್ಲ ಒಂದು ವಯಸ್ಸಿನಲ್ಲಿ ತೇಜಸ್ವಿ ಆಗಿಬಿಡ್ತೀವಿ ಅನ್ನಿಸತ್ತೆ. ಕೆಲವರು ಕ್ಯಾಮೆರಾ ತಗೊಳ್ತಾರೆ, ಕೆಲವರು ಗಾಳ ಹಿಡ್ಕೊಂಡು ಹೊಳೆಗೆ ಹೋಗ್ತಾರೆ. ನಾನು ನೋಟ್‌ಬುಕ್ ತಗೊಂಡೆ. ಇಂಜಿನಿಯರಿಂಗ್ ಮೂರನೇ ವರ್ಷದ ರಜೆಯಲ್ಲಿ ಅಜ್ಜಯ್ಯನ ಹತ್ತಿರ ಕೂತು ಅವನ ಕಾಲದ ಕಥೆ ಬರೆದುಕೊಳ್ಳೋಕೆ ಶುರು ಮಾಡಿದ್ದೆ.

ಅಜ್ಜಯ್ಯನ ಕಾಲದಲ್ಲಿ ಬೆಳೆದ ಕಾಫಿಯನ್ನ ಬೆಳೆದವರೇ ಮಾರೋ ಹಾಗಿರಲಿಲ್ಲ. ಮನೆ ಖರ್ಚಿಗೆ, ಬಿತ್ತನೆಗೆ ಇಷ್ಟು ಅಂತ ಬಿಟ್ಟು ಉಳಿದಿದ್ದನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಹಾಕಬೇಕು. ದುಡ್ಡು ಕಂತಿನಲ್ಲಿ ಬರೋದು, ಅದೂ ಯಾವಾಗಲೋ. 90ರ ದಶಕದಲ್ಲಿ ಅದು ಒಂದೊಂದಾಗಿ ಸಡಿಲ ಆಗೋ ತನಕ ಅದೇ ಕಾನೂನು. ಅಂಥ ಕಾಲದಲ್ಲಿ ಅಜ್ಜಯ್ಯ ತಂಗಿಯ ಮದುವೆ ಖರ್ಚಿಗೆ ಅಂತ ಒಂದು ಚೀಲ ಕಾಫಿ ಬೀಜವನ್ನ ರಾತ್ರೋರಾತ್ರಿ ಭದ್ರಾ ಹೊಳೆ ದಾಟಿಸೋಕೆ ಹೊರಟಿದ್ದನಂತೆ. ಹೊಳೆ ದಂಡೆ, ಕತ್ತಲು, ದೋಣಿ. ಇದನ್ನ ಅವನು ಹೇಳ್ತಾ ಹೇಳ್ತಾ ನಾನು ಬರಕೊಳ್ತಾ ಇದ್ದೆ. ಊಟಕ್ಕೆ ಕರೆದರು. "ನಾಳೆ ಹೇಳ್ತೆ" ಅಂದ ಅಜ್ಜಯ್ಯ. ಮಾರನೇ ದಿನ ನಾನು ಕಾಲೇಜಿಗೆ ಹೊರಟೆ.

ಅದು 2018. ಮುಂದಿನ ಸೆಮಿಸ್ಟರಿನಲ್ಲಿ ಪ್ಲೇಸ್‌ಮೆಂಟು. ಆಪ್ಟಿಟ್ಯೂಡು, ಕೋಡಿಂಗ್ ರೌಂಡು, ಎಚ್‌ಆರ್ ರೌಂಡು. ಕೆಲಸ ಸಿಗೋ ತನಕ ಬರೆಯೋದು ಬೇಡ ಅಂದುಕೊಂಡು ನೋಟ್‌ಬುಕ್ಕನ್ನ ಟ್ರಂಕಿನೊಳಗೆ ಹಾಕಿದೆ. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಅಂತಲೂ ಅನ್ನಿಸಲಿಲ್ಲ, ಎರಡು ತಿಂಗಳ ಮಾತು ತಾನೇ?

ಕೆಲಸ ಸಿಕ್ಕಿತು. ಆಮೇಲೆ ಪ್ರಾಜೆಕ್ಟ್ ವರ್ಕ್ ಮುಗೀಲಿ ಅಂದುಕೊಂಡೆ. ಆಮೇಲೆ ಟ್ರೈನಿಂಗು. ಪ್ರೊಬೇಷನ್ನು. ಆಮೇಲೆ ಈ ರಿಲೀಸ್ ಆಗ್ಲಿ, ಅಪ್ರೈಸಲ್ ಆಗ್ಲಿ, ಕಂಪನಿ ಬದಲಾಯಿಸಿ ಬಿಡ್ಲಿ... ನಿಮಗೂ ಗೊತ್ತಿರತ್ತೆ ಬಿಡಿ ಈ ಪಟ್ಟಿ.

2019ರ ಆಗಸ್ಟಿನ ಮಳೆ ನಮ್ಮ ತಾಲ್ಲೂಕಿನವರಿಗೆ ಯಾವತ್ತೂ ಮರೆಯೋದಿಲ್ಲ. ಗುಡ್ಡಗಳೇ ಜಾರಿ ಬಂದ ವರ್ಷ ಅದು. ನಮ್ಮ ಮನೆ ಇರೋದು ಭದ್ರೆಯ ಆಚೆ ದಡದಲ್ಲಿ. ಆ ಕಾಲಕ್ಕೆ ಮಳೆ ಜೋರಾದರೆ ಹೆಬ್ಬಾಳೆ ಸೇತುವೆ ಮುಳುಗೋದು, ಕಳಸದ ಸಂಪರ್ಕ ಕಡಿದುಹೋಗೋದು. ಅಂಥದ್ದೊಂದು ರಾತ್ರಿ ಅಜ್ಜಯ್ಯನಿಗೆ ಉಬ್ಬಸ ಜಾಸ್ತಿ ಆಯಿತು. ಕರೆಂಟಿಲ್ಲ, ಫೋನಿಲ್ಲ, ರಸ್ತೆಯ ಮೇಲೆ ಹೊಳೆ. ಅಪ್ಪಯ್ಯ ಟಾರ್ಚ್ ಹಿಡಿದು ಎರಡು ಸಲ ಸೇತುವೆ ತನಕ ಹೋಗಿ ವಾಪಸ್ ಬಂದನಂತೆ. ಬೆಳಗಿನ ಜಾವಕ್ಕೆ ಅಜ್ಜಯ್ಯ ಹೋದ. ನಾನು ಬೆಂಗಳೂರಲ್ಲಿ ಹೊಸ ಕೆಲಸದ ಟ್ರೈನಿಂಗಿನಲ್ಲಿದ್ದೆ. ನನಗೆ ಗೊತ್ತಾಗಿದ್ದೇ ಒಂದು ದಿನ ಆದ ಮೇಲೆ.

ತಂಗಿ ಆಗ ಮೊದಲನೇ ಪಿಯುಸಿ. ಆ ರಾತ್ರಿ ಪೂರ್ತಿ ಅಜ್ಜಯ್ಯನ ಕೈ ಹಿಡಿದು ಕೂತಿದ್ದವಳು ಅವಳು. ಡಾಕ್ಟರ್ ಆಗ್ತೀನಿ ಅಂತ ಅವಳು ಯಾವತ್ತೂ ಘೋಷಣೆ ಮಾಡಲಿಲ್ಲ. ಆದರೆ ಆ ವರ್ಷದಿಂದ ಓದೋಕೆ ಕೂತ ರೀತಿಯೇ ಬೇರೆ ಇತ್ತು.

ನಾನು ನೋಟ್‌ಬುಕ್ ತೆಗೆದು ನೋಡಿದ್ದು ಅದಾಗಿ ಎರಡು ವರ್ಷಕ್ಕೆ. ಕೊನೆಯ ಸಾಲು ಹೀಗಿತ್ತು: "ದೋಣಿಯವನು ಚೀಲ ಮುಟ್ಟಿ ನೋಡಿ ಒಂದು ಮಾತು ಹೇಳಿದ."

ಅಷ್ಟೇ. ಏನು ಹೇಳಿದ? ನನಗೆ ಗೊತ್ತಿಲ್ಲ. ಕೇಳೋಕೆ ಅಜ್ಜಯ್ಯ ಇಲ್ಲ.

ಇದನ್ನೆಲ್ಲ ಅವಳಿಗೆ ಹೇಳಿದೆ. "ನೀನು ನಿಲ್ಸೋದು ಸರಿ. ಆದ್ರೆ ಪರೀಕ್ಷೆ ಅಲ್ಲ ಕಣೇ ಬರೆಯೋದನ್ನ ತಿನ್ನೋದು. ಪರೀಕ್ಷೆಗೆ ಒಂದು ತಾರೀಖು ಇರತ್ತೆ, ಮುಗಿಯತ್ತೆ. ಅದಾದ್ಮೇಲೆ ಬರೋ ಯಾವುದಕ್ಕೂ ತಾರೀಖು ಇರಲ್ಲ. ನಿಂಗೂ ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್ಪು, ರಾತ್ರಿ ಡ್ಯೂಟಿ. ಆಮೇಲೆ ನೀಟ್ ಪಿಜಿ. ಆಮೇಲೆ ಇನ್ನೊಂದು..."

"ಗೊತ್ತು" ಅಂದಳು. "ಅದಕ್ಕೇ ನಿನ್ನ ಕರ್ಸಿದ್ದು."

*

ಒಳಗೆ ಹೋಗಿ ಐದನೇ ನೋಟ್‌ಬುಕ್ ತಂದು ಕೊನೇ ಪುಟ ತೆಗೆದಳು.

ವಾರ್ಡಿನಲ್ಲಿ ಡ್ಯೂಟಿ ಬದಲಾಗುವಾಗ ಹ್ಯಾಂಡೋವರ್ ಅಂತ ಮಾಡ್ತಾರಂತೆ. ಹೊರಡೋ ಡಾಕ್ಟರು ಬರೋ ಡಾಕ್ಟರಿಗೆ ಪ್ರತಿ ರೋಗಿಯ ಬಗ್ಗೆ ಹೇಳಿ ಹೋಗಬೇಕು. ಇವರಿಗೆ ಏನಾಗಿದೆ, ಇಲ್ಲಿ ತನಕ ಏನು ಮಾಡಿದ್ದೀವಿ, ಯಾವ ರಿಪೋರ್ಟ್ ಬರಬೇಕು, ರಾತ್ರಿ ಯಾವುದನ್ನ ನೋಡ್ತಾ ಇರಬೇಕು. ಅದನ್ನ ಹೇಳದೆ ಹೊರಟರೆ ಬಂದವರು ಮತ್ತೆ ಮೊದಲಿಂದ ಶುರು ಮಾಡಬೇಕು, ಅಷ್ಟರಲ್ಲಿ ರೋಗಿಗೆ ಏನು ಬೇಕಾದರೂ ಆಗಬಹುದು. ನಮ್ಮ ಆಫೀಸಲ್ಲೂ ರಜೆ ಹಾಕೋ ಹಿಂದಿನ ಸಂಜೆ ಅರ್ಧ ಆಗಿರೋ ಕೋಡಿನ ಮೇಲೆ "ಇಲ್ಲಿ ತನಕ ಆಗಿದೆ, ಮುಂದೆ ಇದು" ಅಂತ ಬರೆದಿಟ್ಟು ಹೋಗೋದಿಲ್ವೇ, ಹಾಗೆ. ಆಫೀಸಿನ ಕೋಡಿಗೆ ಮಾಡಿದ ಮರ್ಯಾದೆಯನ್ನ ನಾನು ಅಜ್ಜಯ್ಯನಿಗೆ ಮಾಡಿರಲಿಲ್ಲ.

ಅವಳ ಕೊನೇ ಪುಟದಲ್ಲಿ ಅಂಥದ್ದೇ ಒಂದು ಪಟ್ಟಿ ಇತ್ತು. ಅರ್ಧಕ್ಕೆ ನಿಂತ ಹನ್ನೊಂದು ಬರಹ. ಒಂದೊಂದರ ಮುಂದೂ ಎಲ್ಲಿಗೆ ನಿಂತಿದೆ, ಮುಂದೆ ಏನು ಬರಬೇಕು ಅಂತ ಒಂದೊಂದು ಸಾಲು. ಅವಳ ಒಪ್ಪಿಗೆ ತಗೊಂಡೇ ಎರಡನ್ನ ಇಲ್ಲಿ ಹೇಳ್ತಿದ್ದೀನಿ.

ನಾಲ್ಕನೆಯದು: "ಕಾಫಿ ಬೀಜದ ಅಜ್ಜಿ. ನಿಂತಿದ್ದು: ಖಾಲಿ ಹಾಸಿಗೆ. ಮುಂದೆ: ಇಸಿಜಿ ಮುಗಿಸಿ ಬಂದವರು ನನ್ನ ಮುಖ ನೋಡಿ, ನಿಂಗೆ ಎಂತ ಆಯ್ತು ಮಗಾ ಅಂತ ನನ್ನನ್ನೇ ವಿಚಾರಿಸಿದ್ದು."

ಹನ್ನೊಂದನೆಯದು: "ಅಜ್ಜಯ್ಯನ ರಾತ್ರಿ. ಒಂದು ಸಾಲೂ ಬರೆದಿಲ್ಲ. ಶುರು: ಕೈ ಬೆಚ್ಚಗಿತ್ತು."

ನಾನು ಆ ಪುಟ ನೋಡ್ತಾ ಬಹಳ ಹೊತ್ತು ಕೂತಿದ್ದೆ. ಏಳು ವರ್ಷದಲ್ಲಿ ಆ ರಾತ್ರಿಯ ಬಗ್ಗೆ ನಾವಿಬ್ಬರೂ ಒಂದು ದಿನವೂ ಸರಿಯಾಗಿ ಮಾತಾಡಿಲ್ಲ.

"ಐದೂ ನಿನ್ ಹತ್ರ ಇರ್ಲಿ. ಹಾಸ್ಟೆಲಲ್ಲಿದ್ರೆ ತೆಗ್ದು ಬರೆದುಬಿಡ್ತೀನಿ. ಕೊನೇ ಪ್ರಾಕ್ಟಿಕಲ್ ಮುಗಿದ ಮಾರನೇ ದಿನ ನಾನೇ ಕೇಳ್ತೀನಿ. ಕೇಳ್ದೇ ಇದ್ರೆ ನೀನು ತಂದು ಕೊಡ್ಬೇಕು. ಸುಸ್ತಾಗಿದೆ, ಆಮೇಲೆ ನೋಡೋಣ ಅಂದ್ರೆ ಬಿಡ್ಬೇಡ" ಅಂದಳು. ತಾರೀಖನ್ನ ಪುಟದ ಕೆಳಗೆ ಬರೆದು ಸಹಿ ಹಾಕಿದಳು. ನನ್ನ ಹತ್ತಿರವೂ ಸಹಿ ಹಾಕಿಸಿಕೊಂಡಳು, ಡ್ಯೂಟಿ ತಗೊಂಡವರು ಹಾಕೋ ಹಾಗೆ!

*

ಮಾರನೇ ದಿನ ಅವಳು ಬೆಳಗಿನ ಬಸ್ಸಿಗೆ ಹೊರಟಳು. ಕಣ್ಣೀರು ಗಿಣ್ಣೀರು ಏನೂ ಇಲ್ಲ. ಬೇಯ್ಲಿ ಅಂಡ್ ಲವ್ ಇದ್ದ ಬ್ಯಾಗನ್ನ ನಾನು ಬಸ್‌ಸ್ಟಾಪಿನ ತನಕ ಹೊತ್ತೆ, ಹೆಗಲು ಇನ್ನೂ ನೋಯ್ತಾ ಇದೆ.

ಮನೆಗೆ ಬಂದವನೇ ಅಪ್ಪಯ್ಯನ್ನ ಕೇಳಿದೆ. "ಆ ದೋಣಿಯವ ಏನು ಹೇಳಿದ್ನಂತೆ?" ಅಪ್ಪಯ್ಯನಿಗೆ ಚೀಲದ ಕಥೆ ಗೊತ್ತಿತ್ತು, ಆ ಮಾತು ಗೊತ್ತಿರಲಿಲ್ಲ. ಹಪ್ಪಳ ಒಣಗಿಸ್ತಿದ್ದ ಅಮ್ಮ ಅಲ್ಲಿಂದಲೇ ಹೇಳಿದಳು. "ದೋಣಿಯವ್ನ ಮಾತಾ? ಮಾವಯ್ಯ ಒಂದೊಂದ್ಸಲ ಒಂದೊಂದು ಹೇಳ್ತಿದ್ರು ಮಾರಾಯ. ಒಂದ್ಸಲ 'ಭಟ್ರೇ, ಮದುವೆಗೆ ನನ್ನೂ ಕರೀರಿ' ಅಂದ ಅಂತ. ಇನ್ನೊಂದ್ಸಲ 'ಇದ್ರಲ್ಲಿ ಅರ್ಧ ಮಣ್ಣಿದೆ' ಅಂದ ಅಂತ. ಯಾವ್ದು ನಿಜ್ವೋ."

ನನಗೆ ನಗುವೂ ಬಂತು, ಗಂಟಲೂ ಕಟ್ಟಿತು. ಆ ರಜೆಯಲ್ಲಿ, ಆ ಮಾರನೇ ದಿನ, ನನಗೆ ಅವನು ಯಾವುದನ್ನ ಹೇಳ್ತಿದ್ದನೋ. ಅಮ್ಮ ಹೇಳಿದ ಎರಡನ್ನೂ ಬರೆದಿಟ್ಟಿದ್ದೀನಿ. ಇನ್ನು ಯಾರಿಗೆಲ್ಲ ಹೇಳಿದ್ದನೋ ಅವರನ್ನೆಲ್ಲ ಕೇಳಬೇಕು. ಕಳಸದಲ್ಲಿ ಅಜ್ಜಯ್ಯನ ಜೊತೆಯವರು ಇಬ್ಬರು ಇನ್ನೂ ಇದ್ದಾರೆ. ಮುಂದಿನ ಸಲ ಅಂತ ಅಲ್ಲ, ಮೇ ತಿಂಗಳ ಎರಡನೇ ಶನಿವಾರಕ್ಕೆ ಬಸ್ ಟಿಕೆಟ್ ಮಾಡಿಸಿ ಆಯಿತು.

ತಂಗಿಯ ಐದು ನೋಟ್‌ಬುಕ್ಕು ಈಗ ಬೆಂಗಳೂರಲ್ಲಿ ನನ್ನ ಮಾನಿಟರ್ ಪಕ್ಕದಲ್ಲಿವೆ. ತಾರೀಖನ್ನ ಮೊಬೈಲಿನಲ್ಲಿ ಹಾಕಿಕೊಂಡಿದ್ದೀನಿ. ಆ ದಿನ ಎಲ್ಲರೂ ಅವಳಿಗೆ ಫೋನ್ ಮಾಡಿ ಪರೀಕ್ಷೆ ಹೇಗಾಯ್ತು ಅಂತ ಕೇಳ್ತಾರೆ. ನಾನು ಅದನ್ನ ಕೇಳೋದಿಲ್ಲ. "ಕೈ ಬೆಚ್ಚಗಿತ್ತು... ಆಮೇಲೆ?" ಅಂತ ಕೇಳ್ತೀನಿ.

ಅಲ್ಲಿ ತನಕ ಅವಳು ಓದಲಿ. ಅವಳ ಮುಂದೆ ಕೂತ ರೋಗಿಗೆ ಕೇಳಬೇಕಾದ ಎಲ್ಲ ಪ್ರಶ್ನೆಯನ್ನೂ ಕೇಳಲಿ. ನೀವೂ ಒಂದು ಮಾತು ಹಾರೈಸಿಬಿಡಿ.